ಕ್ರೀಡಾಂಗಣ ಇರುವುದು ಸ್ಯಾಂಟಾ ಕ್ಲಾರಾದಲ್ಲಿ: ವಿಶ್ವಕಪ್ ನೋಡಲು ಬೇ ಏರಿಯಾಕ್ಕೆ ಬರುವ ಕನ್ನಡಿಗರಿಗೆ

"ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾವ ಏರಿಯಾದಲ್ಲಿ ರೂಮ್ ಮಾಡಿದರೆ ಸ್ಟೇಡಿಯಂಗೆ ಹತ್ತಿರ?" 2026ರ ಫುಟ್‌ಬಾಲ್ ವಿಶ್ವಕಪ್ ಟಿಕೆಟ್ ಸಿಕ್ಕ ಗೆಳೆಯರೆಲ್ಲ ನನ್ನನ್ನು ಮೊದಲು ಕೇಳುವ ಪ್ರಶ್ನೆ ಇದೇ. ಲಂಡನ್‌ನವರೂ ಕೇಳಿದ್ದಾರೆ, ದುಬೈನವರೂ ಕೇಳಿದ್ದಾರೆ, ಬೆಂಗಳೂರಿನವರೂ ಕೇಳಿದ್ದಾರೆ. ಉತ್ತರ ಒಂದೇ. ಯಾವ ಏರಿಯಾವೂ ಹತ್ತಿರ ಅಲ್ಲ. ಕ್ರೀಡಾಂಗಣ ಆ ಊರಿನಲ್ಲೇ ಇಲ್ಲ.

ಟಿಕೆಟ್ ಮೇಲೆ 'ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ ಸ್ಟೇಡಿಯಂ' ಎಂದಿರುತ್ತದೆ. ನಾವು ಇಲ್ಲಿ ದಿನಾ ಕರೆಯುವುದು ಲೀವೈಸ್ ಸ್ಟೇಡಿಯಂ ಎಂದು. ಟೂರ್ನಿ ನಡೆಯುವಾಗ ಬೇರೆ ಕಂಪನಿಯ ಹೆಸರು ಕ್ರೀಡಾಂಗಣದ ಮೇಲೆ ಇರಬಾರದು ಎನ್ನುವುದು ಫಿಫಾ ನಿಯಮ. ಅದಕ್ಕೇ ಹೆಸರು ಬದಲಾಗಿದೆ. ಇದು ಇರುವುದು ಸ್ಯಾಂಟಾ ಕ್ಲಾರಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 70 ಕಿಲೋಮೀಟರ್ ದಕ್ಷಿಣಕ್ಕೆ. ಪಂದ್ಯ ಬೆಂಗಳೂರಿನಲ್ಲಿ ಇಟ್ಟುಕೊಂಡು ತುಮಕೂರಿನಲ್ಲಿ ರೂಮ್ ಮಾಡಿದ ಹಾಗೆ ಆಗುತ್ತದೆ. ಹೋಗಿ ಬರಬಹುದು. ಆದರೆ ಗೊತ್ತಿದ್ದು ಮಾಡುವುದು ಬೇರೆ, ಬಂದಿಳಿದ ಮೇಲೆ ಗೊತ್ತಾಗುವುದು ಬೇರೆ.

ನನ್ನ ಸಲಹೆ ಇಷ್ಟು. ಪಂದ್ಯದ ಹಿಂದಿನ ರಾತ್ರಿ ಮತ್ತು ಪಂದ್ಯದ ರಾತ್ರಿ ಸೌತ್ ಬೇನಲ್ಲಿ, ಅಂದರೆ ಕೊಲ್ಲಿಯ ದಕ್ಷಿಣದ ಊರುಗಳಲ್ಲಿ ಉಳಿಯಿರಿ. ಸ್ಯಾಂಟಾ ಕ್ಲಾರಾ, ಸನಿವೇಲ್, ಮೌಂಟನ್ ವ್ಯೂ, ಮಿಲ್ಪಿಟಸ್, ಸ್ಯಾನ್ ಹೋಸೆ, ಯಾವುದಾದರೂ ಸರಿ. ಗೋಲ್ಡನ್ ಗೇಟ್ ಸೇತುವೆ ನೋಡಲು ಇನ್ನೊಂದು ದಿನ ಇಟ್ಟುಕೊಳ್ಳಿ. ವಿಮಾನಕ್ಕೂ ಸ್ಯಾನ್ ಹೋಸೆ ನಿಲ್ದಾಣ ಸಿಕ್ಕರೆ ಬಿಡಬೇಡಿ, ಅಲ್ಲಿಂದ ಕ್ರೀಡಾಂಗಣ ಕೂಗಳತೆಯಲ್ಲಿದೆ ಎನ್ನಬಹುದು.

ಇಲ್ಲಿ ಆರು ಪಂದ್ಯಗಳಿವೆ. ಜೂನ್ 13, 16, 19, 22, 25 ಮತ್ತು ಜುಲೈ 1. ಮೊದಲನೆಯದು ಕತಾರ್–ಸ್ವಿಟ್ಜರ್ಲೆಂಡ್, ಮಧ್ಯಾಹ್ನ 12ಕ್ಕೆ. ಎರಡನೆಯದು ಆಸ್ಟ್ರಿಯಾ–ಜೋರ್ಡಾನ್, ರಾತ್ರಿ 9ಕ್ಕೆ. ಊರಲ್ಲಿ ಅಪ್ಪ ಅಮ್ಮ ಟಿವಿ ಹಾಕುವ ಹೊತ್ತಿಗೆ ಅಲ್ಲಿ ಮರುದಿನ ಬೆಳಿಗ್ಗೆ ಒಂಬತ್ತೂವರೆ! ಈ ಎರಡು ಪಂದ್ಯಗಳಿಗೆ ತಯಾರಿಯೇ ಬೇರೆ ಬೇರೆ. ಒಂದಕ್ಕೆ ಬಿಸಿಲಿನ ಚಿಂತೆ, ಇನ್ನೊಂದಕ್ಕೆ ಕೊನೆಯ ರೈಲಿನ ಚಿಂತೆ.

ಅದಕ್ಕೂ ಮೊದಲು ವೀಸಾ ವಿಷಯ. ಹೊರದೇಶಗಳಲ್ಲಿರುವ ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ಇಪ್ಪತ್ತು ವರ್ಷದಿಂದ ಲಂಡನ್‌ನಲ್ಲೇ ಇದ್ದರೂ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಅಮೆರಿಕಕ್ಕೆ ಬಿ1/ಬಿ2 ಎಂಬ ಪ್ರವಾಸಿ ವೀಸಾ ಬೇಕೇ ಬೇಕು. ನೀವು ಎಲ್ಲಿ ವಾಸ ಇದ್ದೀರಿ ಎಂಬುದು ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದಷ್ಟೇ ಲೆಕ್ಕ. ಬ್ರಿಟಿಷ್ ಅಥವಾ ಜರ್ಮನ್ ಪಾಸ್‌ಪೋರ್ಟ್ ಆಗಿದ್ದರೆ ಆನ್‌ಲೈನ್‌ನಲ್ಲಿ 'ಎಸ್ಟಾ' ಎಂಬ ಪ್ರಯಾಣದ ಅನುಮತಿ ಪಡೆದರೆ ಸಾಕು, ಶುಲ್ಕ ಸುಮಾರು 40 ಡಾಲರ್, 90 ದಿನ ಇರಬಹುದು. ಗಂಡನಿಗೆ ಬ್ರಿಟಿಷ್ ಪಾಸ್‌ಪೋರ್ಟ್, ಹೆಂಡತಿಗೆ ಭಾರತದ್ದು, ಹೀಗಿರುವ ಮನೆಗಳು ಎಷ್ಟೋ ಇವೆ. ಇಬ್ಬರ ದಾರಿಯೂ ಬೇರೆ. ಇನ್ನೊಂದು ಮಾತು, ಪಂದ್ಯದ ಟಿಕೆಟ್ ಇದೆ ಎಂದು ವೀಸಾ ಕೊಡುವುದಿಲ್ಲ. ಟಿಕೆಟ್ ಕೊಂಡವರಿಗೆ ಸಂದರ್ಶನದ ದಿನ ಬೇಗ ಸಿಗಲಿ ಎಂದು 'ಫಿಫಾ ಪಾಸ್' ಎಂಬ ವ್ಯವಸ್ಥೆ ಮಾಡಿದ್ದಾರೆ. ಅದು ಸಂದರ್ಶನಕ್ಕೆ ಮಾತ್ರ. ವೀಸಾ ಕೊಡುವುದು ಬಿಡುವುದು ಅಧಿಕಾರಿಯ ಕೈಯಲ್ಲಿ.

ಅಮೆರಿಕ, ಕೆನಡಾ, ಮೆಕ್ಸಿಕೋ ಎಂದು ಮೂರು ದೇಶಗಳಲ್ಲಿ ಟೂರ್ನಿ ನಡೆಯುತ್ತದೆ, 16 ಊರು, 104 ಪಂದ್ಯ. ಹಾಗೆಂದು ಒಂದು ವೀಸಾ ಮೂರು ಕಡೆ ನಡೆಯುವುದಿಲ್ಲ. ಇಲ್ಲಿಂದ ವ್ಯಾಂಕೂವರ್‌ಗೆ ಹೋಗಿ ಒಂದು ಪಂದ್ಯ ನೋಡಿ ಬರೋಣ ಎಂದರೆ ಭಾರತದ ಪಾಸ್‌ಪೋರ್ಟ್‌ನವರಿಗೆ ಕೆನಡಾ ವೀಸಾ ಬೇರೆಯೇ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಾಪತ್ರಯ ಇಲ್ಲ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿದ್ದರೆ ಸಾಕು. ಮೆಕ್ಸಿಕೋ ಇದಕ್ಕಿಂತ ಸಲೀಸು. ಪಾಸ್‌ಪೋರ್ಟ್‌ನಲ್ಲಿ ಅವಧಿ ಮುಗಿಯದ ಅಮೆರಿಕದ ವೀಸಾ ಇದ್ದರೆ ಅವರು ಬೇರೆ ವೀಸಾ ಕೇಳುವುದಿಲ್ಲ.

ಇಲ್ಲೇ ಎಚ್1ಬಿ ಎಂಬ ಉದ್ಯೋಗ ವೀಸಾ ಮೇಲೆ ಕೆಲಸ ಮಾಡುವವರಿಗೂ ಒಂದು ಮಾತು. ವೀಸಾ ಸ್ಟಾಂಪ್ ಅವಧಿ ಮುಗಿದಿದೆ, ಆದರೆ ಐ-94 (ಎಲ್ಲಿಯವರೆಗೆ ಇಲ್ಲಿರಬಹುದು ಎಂದು ಹೇಳುವ ದಾಖಲೆ) ಇನ್ನೂ ನಡೆಯುತ್ತಿದೆ ಎನ್ನುವವರು ನಮ್ಮಲ್ಲಿ ಬಹಳ. ಕೆನಡಾ ಅಥವಾ ಮೆಕ್ಸಿಕೋಗೆ ಹೋಗಿ 30 ದಿನದೊಳಗೆ ವಾಪಸ್ ಬಂದರೆ ಹಳೇ ಸ್ಟಾಂಪ್ ಮೇಲೆಯೇ ಒಳಗೆ ಬಿಡುವ ನಿಯಮ ಇದೆ. ಅದಕ್ಕೆ ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಎನ್ನುತ್ತಾರೆ. ಆದರೆ ಅಲ್ಲಿಗೆ ಹೋದಾಗ ಹೊಸ ವೀಸಾಗೆ ಅರ್ಜಿ ಹಾಕಿದರೆ ಈ ಅನುಕೂಲ ಹೋಯಿತು. ಐ-94 ಪ್ರಿಂಟ್ ಇಟ್ಟುಕೊಳ್ಳಿ, ಹೊರಡುವ ಮೊದಲು ಕಂಪನಿಯ ವಕೀಲರನ್ನು ಒಂದು ಸಲ ಕೇಳಿ. ಒಂದು ಪಂದ್ಯಕ್ಕಾಗಿ ಕೆಲಸಕ್ಕೆ ಕುತ್ತು ತಂದುಕೊಳ್ಳುವುದು ಬೇಡ.

ಈಗ ನನ್ನದೇ ಕಥೆ ಹೇಳುತ್ತೇನೆ. 2024ರ ಜುಲೈ 2, ಕೋಪಾ ಅಮೆರಿಕಾ ಟೂರ್ನಿಯ ಬ್ರೆಜಿಲ್–ಕೊಲಂಬಿಯಾ ಪಂದ್ಯ ಇದೇ ಕ್ರೀಡಾಂಗಣದಲ್ಲಿ ನಡೆಯಿತು. ಊರಿನಿಂದ ಅಕ್ಕ ಭಾವ ಬಂದಿದ್ದರು. ಭಾವ ಚಿಕ್ಕಂದಿನಿಂದ ಬ್ರೆಜಿಲ್ ಅಭಿಮಾನಿ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆಯಲ್ಲ, ಆ ಬೀದಿಯ ಹುಡುಗರ ಜೊತೆ ಆಡಿ ಬೆಳೆದವರು. ಕಾರು ನಿಲ್ಲಿಸಿ ಹೊರಗೆ ಬಂದರೆ ಎಲ್ಲಿ ನೋಡಿದರೂ ಹಳದಿ. ಎರಡೂ ತಂಡದ ಜನರದ್ದು ಹಳದಿ ಅಂಗಿಯೇ. ಯಾರು ಯಾರ ಕಡೆ ಎಂದು ಹಾಡು ಕೇಳಿಯೇ ತಿಳಿಯಬೇಕು. ಗೇಟಿನ ಹತ್ತಿರ ಬಂದಾಗ ಅಕ್ಕನ ಹೆಗಲಲ್ಲಿ ಬಟ್ಟೆ ಚೀಲ. ಅದರಲ್ಲಿ ಬಿಪಿ ಮಾತ್ರೆ, ಶಾಲು, ಒಂದು ಡಬ್ಬಿ ಕೋಡುಬಳೆ. ಕಾವಲಿನ ಹುಡುಗಿ ನಗುತ್ತಲೇ ತಲೆ ಅಲ್ಲಾಡಿಸಿದಳು. "ಏನೋ ಇದು, ತಿಂಡಿ ಚೀಲಕ್ಕೂ ಬೇಡ ಅಂತಾರಾ?" ಎಂದಳು ಅಕ್ಕ. ನಾನು ಮೊದಲೇ ಹೇಳಬೇಕಿತ್ತು. ಅವರಿಬ್ಬರನ್ನೂ ಒಳಗೆ ಕಳಿಸಿ, ಚೀಲ ಕಾರಿನಲ್ಲಿಡಲು ನಾನು ವಾಪಸ್ ನಡೆದೆ. ಕಾರಿನ ಡಿಕ್ಕಿ ಮುಚ್ಚುವಾಗ ಒಳಗಿನಿಂದ ಒಂದು ಕೂಗು ಕೇಳಿಸಿತು, ಎದೆಗೇ ತಾಗಿತು. ಹನ್ನೆರಡನೇ ನಿಮಿಷ. ರಾಫಿನ್ಯಾ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದಿದ್ದ. ಭಾವ ನೋಡಿದರು, ಅಷ್ಟೇ ನನಗೆ ಸಮಾಧಾನ.

ಆದ್ದರಿಂದ ಚೀಲದ ನಿಯಮ ಬಾಯಿಪಾಠ ಮಾಡಿಕೊಳ್ಳಿ. ಈ ಕ್ರೀಡಾಂಗಣದ ಮಾಮೂಲಿ ನಿಯಮ ಹೀಗಿದೆ: ಒಳಗಿರುವುದೆಲ್ಲ ಹೊರಗಿನಿಂದಲೇ ಕಾಣುವ ಪ್ಲಾಸ್ಟಿಕ್ ಚೀಲ, 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪದ ಒಳಗೆ ಇರಬೇಕು. ಅದಿಲ್ಲದಿದ್ದರೆ ಅಂಗೈ ಅಗಲದ ಪರ್ಸ್. ಬೆನ್ನಿಗೆ ಹಾಕುವ ಬ್ಯಾಗ್, ಬಟ್ಟೆ ಚೀಲ, ವ್ಯಾನಿಟಿ ಬ್ಯಾಗ್ ಹೋಟೆಲ್‌ನಲ್ಲೇ ಇರಲಿ. ರೈಲಿನಲ್ಲಿ ಬಂದವರಿಗೆ ವಾಪಸ್ ಇಟ್ಟು ಬರಲು ಕಾರೂ ಇರುವುದಿಲ್ಲ ಅಲ್ವಾ? ಮಾತ್ರೆ ಬೇಕಾದವರು ವೈದ್ಯರ ಚೀಟಿ ಸಮೇತ ಇಟ್ಟುಕೊಳ್ಳಿ. ಪಂದ್ಯದ ವಾರ ಫಿಫಾ ಆ್ಯಪ್‌ನಲ್ಲಿ ಬರುವ ಸೂಚನೆಯನ್ನು ಒಮ್ಮೆ ಪೂರ್ತಿ ಓದಿ. ಟಿಕೆಟ್ ಇರುವುದೂ ಫೋನ್‌ನಲ್ಲೇ, ಕಾಗದದ ಟಿಕೆಟ್ ಇಲ್ಲ. ಹೋಟೆಲ್ ವೈಫೈ ಇರುವಾಗಲೇ ತೆರೆದು ನೋಡಿ, ಫೋನ್ ಪೂರ್ತಿ ಚಾರ್ಜ್ ಮಾಡಿ ಹೊರಡಿ. ಗೇಟಿನ ಬಳಿ ಸಾವಿರಾರು ಜನ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ಕೈಕೊಡುತ್ತದೆ.

ಇನ್ನು ದಾರಿ. ಕಾರಿನಲ್ಲಿ ಬರಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಪಾರ್ಕಿಂಗ್‌ಗೆ ಮೊದಲೇ ದುಡ್ಡು ಕಟ್ಟಬೇಕು, ಅದು ಕಡಿಮೆಯೂ ಅಲ್ಲ. ಪಂದ್ಯ ಮುಗಿದ ಮೇಲೆ ಆ ಜಾಗದಿಂದ ರಸ್ತೆಗೆ ಬರುವುದರೊಳಗೆ ಮಕ್ಕಳು ನಿದ್ದೆ ಹೋಗಿರುತ್ತಾರೆ. ರೈಲು ಇದೆ, ಅದೂ ಕ್ರೀಡಾಂಗಣದ ಪಕ್ಕಕ್ಕೇ ಬರುತ್ತದೆ. ಇಲ್ಲಿನ ಸಾರಿಗೆ ಸಂಸ್ಥೆ ವಿಟಿಎ ಓಡಿಸುವ, ಟ್ರಾಮ್‌ನಂಥ ಲೈಟ್ ರೈಲ್, ಆರೆಂಜ್ ಲೈನ್, ನಿಲ್ದಾಣದ ಹೆಸರು 'ಗ್ರೇಟ್ ಅಮೆರಿಕಾ'. ಆದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ರೈಲು ಇಲ್ಲ, ಮಧ್ಯೆ ಒಂದು ಕಡೆ ಬದಲಾಯಿಸಬೇಕು. ಎರಡು ದಾರಿ. ಕಾಲ್‌ಟ್ರೇನ್ ಎಂಬ ಲೋಕಲ್ ರೈಲು ಹಿಡಿದು ಸುಮಾರು ಒಂದು ಗಂಟೆಯಲ್ಲಿ ಮೌಂಟನ್ ವ್ಯೂಗೆ ಬನ್ನಿ, ಅಲ್ಲಿ ಪಕ್ಕದಲ್ಲೇ ಲೈಟ್ ರೈಲ್ ನಿಂತಿರುತ್ತದೆ. ಇಲ್ಲವೇ ಬಾರ್ಟ್ ಎಂಬ ಮೆಟ್ರೋ ಹಿಡಿದು ಮಿಲ್ಪಿಟಸ್‌ಗೆ ಬಂದು ಅಲ್ಲಿಂದ ಅದೇ ಆರೆಂಜ್ ಲೈನ್ ಹತ್ತಿ. ಓಕ್‌ಲ್ಯಾಂಡ್, ಫ್ರೀಮಾಂಟ್ ಕಡೆ ಇಳಿದುಕೊಂಡವರಿಗೆ ಬಾರ್ಟ್ ಒಳ್ಳೆಯದು, ಉಳಿದವರಿಗೆ ಕಾಲ್‌ಟ್ರೇನ್. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಿಂದ ಬರುವವರು ಬಾರ್ಟ್‌ನಲ್ಲಿ ಮಿಲ್‌ಬ್ರೇಗೆ ಬಂದು, ಅದೇ ನಿಲ್ದಾಣದಲ್ಲಿ ಕಾಲ್‌ಟ್ರೇನ್ ಹತ್ತಬಹುದು.

ರೈಲಿನ ಟಿಕೆಟ್‌ಗೆ, ದುಡ್ಡು ತುಂಬಿಸಿ ಬಳಸುವ ಕ್ಲಿಪ್ಪರ್ ಕಾರ್ಡ್. ಫೋನ್‌ನಲ್ಲೇ ಹಾಕಿಕೊಳ್ಳಬಹುದು. ಈ ಮೂರೂ ರೈಲಿಗೆ ಇದೊಂದೇ ಸಾಕು, ಆದರೆ ಬಳಸುವ ರೀತಿ ಒಂದೊಂದರಲ್ಲಿ ಒಂದೊಂದು. ಬಾರ್ಟ್‌ನಲ್ಲಿ ನಮ್ಮ ಮೆಟ್ರೋ ಹಾಗೆ ಗೇಟ್ ಇದೆ, ಒಳಗೆ ಹೋಗುವಾಗ ಹೊರಗೆ ಬರುವಾಗ ಎರಡೂ ಸಲ ತಾಗಿಸಬೇಕು. ಕಾಲ್‌ಟ್ರೇನ್‌ನಲ್ಲಿ ಗೇಟ್ ಇಲ್ಲ. ಪ್ಲಾಟ್‌ಫಾರ್ಮ್ ಮೇಲೆ ಒಂದು ಕಂಬದಲ್ಲಿ ಯಂತ್ರ ಇರುತ್ತದೆ, ಹತ್ತುವ ಮುಂಚೆ ಒಮ್ಮೆ, ಇಳಿದ ಮೇಲೆ ಇನ್ನೊಮ್ಮೆ ತಾಗಿಸಬೇಕು. ಇಳಿದ ಮೇಲೆ ಮರೆತರೆ ಜಾಸ್ತಿ ದುಡ್ಡು ಕಟ್ ಆಗುತ್ತದೆ. ಲೈಟ್ ರೈಲಿನಲ್ಲಿ ಹತ್ತುವ ಮುಂಚೆ ಒಂದೇ ಸಲ. ಗೇಟ್ ಇಲ್ಲ, ಯಾರೂ ಕೇಳುವುದಿಲ್ಲ ಎಂದು ಸುಮ್ನೆ ಹತ್ತಬೇಡಿ. ಮಧ್ಯದಲ್ಲಿ ತಪಾಸಣೆಗೆ ಬರುತ್ತಾರೆ, ದಂಡ ಹಾಕುತ್ತಾರೆ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಕಾರ್ಡ್ ಬೇಕು, ಒಂದೇ ಕಾರ್ಡ್ ನಾಲ್ಕು ಸಲ ತಾಗಿಸಿದರೆ ನಡೆಯುವುದಿಲ್ಲ.

ಬಿಸಿಲಿನ ಮಾತು ಹೇಳಿದೆನಲ್ಲ. ಈ ಕ್ರೀಡಾಂಗಣದ ಪೂರ್ವದ ಕಡೆ ಸೀಟುಗಳ ಮೇಲೆ ನೆರಳೇ ಇಲ್ಲ. ಮಧ್ಯಾಹ್ನ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಜೂನ್ 13ರ ಪಂದ್ಯಕ್ಕೆ ವಯಸ್ಸಾದವರನ್ನು ಕರೆತರುವವರು ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ, ನೀರು ಕುಡಿಸುತ್ತಲೇ ಇರಿ. ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಂಜು ಮುಸುಕಿ ಸ್ವೆಟರ್ ಬೇಕಾಗುವಷ್ಟು ಚಳಿ ಇರಬಹುದು. ಸ್ಯಾಂಟಾ ಕ್ಲಾರಾದಲ್ಲೂ ಸೂರ್ಯ ಮುಳುಗಿದ ಮೇಲೆ ಚಳಿ ಇಳಿಯುತ್ತದೆ. ರಾತ್ರಿ ಪಂದ್ಯಕ್ಕೆ ಜಾಕೆಟ್ ಕೈಯಲ್ಲೇ ಇರಲಿ, ಅದಕ್ಕೆ ಚೀಲ ಬೇಕಿಲ್ಲ, ಸೊಂಟಕ್ಕೆ ಕಟ್ಟಿಕೊಂಡರೆ ಆಯಿತು.

ಖರ್ಚಿನ ವಿಷಯ. ಅಂಗಡಿಯಲ್ಲಿ ಬರೆದಿರುವ ಬೆಲೆ ನೀವು ಕೊಡುವ ಬೆಲೆ ಅಲ್ಲ. ಈ ಕಡೆ ಬಿಲ್ ಮಾಡುವಾಗ ಶೇ 9ಕ್ಕಿಂತ ಜಾಸ್ತಿ ತೆರಿಗೆ ಸೇರುತ್ತದೆ. ಕೂತು ತಿನ್ನುವ ಹೋಟೆಲ್‌ನಲ್ಲಿ ಅದರ ಮೇಲೆ ಶೇ 18–20 ಟಿಪ್ಸ್ ಕೊಡುವುದು ರೂಢಿ. ಇದನ್ನು ಬಿಡಬೇಡಿ, ಬಡಿಸುವವರು ಇದನ್ನು ನಂಬಿಕೊಂಡಿರುತ್ತಾರೆ. ಕೌಂಟರ್‌ನಲ್ಲಿ ಕಾಫಿ ತೆಗೆದುಕೊಂಡಾಗಲೂ ಪರದೆ ತಿರುಗಿಸಿ ಟಿಪ್ಸ್ ಕೇಳುತ್ತಾರೆ. ಅಲ್ಲಿ ಕೊಡಲೇಬೇಕೆಂದಿಲ್ಲ, ಮುಜುಗರ ಪಡಬೇಡಿ. ಬಿಯರ್‌ಗೆ 21 ವರ್ಷ ಆಗಿರಬೇಕು, ತಲೆ ನರೆತವರಿಗೂ ಗುರುತಿನ ಚೀಟಿ ಕೇಳಬಹುದು. ಪ್ರವಾಸಿ ಆರೋಗ್ಯ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ. ಸಣ್ಣ ಜ್ವರ, ಕಾಲು ಉಳುಕಿಗೆ 'ಅರ್ಜೆಂಟ್ ಕೇರ್' ಕ್ಲಿನಿಕ್‌ಗೆ ಹೋಗಿ. ತುರ್ತು ವಿಭಾಗದ ಬಿಲ್ ಅದರ ಎಷ್ಟೋ ಪಟ್ಟು ಇರುತ್ತದೆ. ಎದೆನೋವು, ಉಸಿರಾಟದ ತೊಂದರೆ ಎಂದರೆ ಮಾತ್ರ ದುಡ್ಡಿನ ಯೋಚನೆ ಮಾಡದೆ 911ಕ್ಕೆ ಫೋನ್ ಮಾಡಿ.

ಊಟಕ್ಕೆ ಚಿಂತೆ ಬೇಡವೇ ಬೇಡ. ಸನಿವೇಲ್‌ನ ಎಲ್ ಕಮಿನೋ ರಿಯಲ್ ರಸ್ತೆಯಲ್ಲಿ ನಡೆದರೆ ಮಸಾಲೆ ದೋಸೆ, ಇಡ್ಲಿ, ಫಿಲ್ಟರ್ ಕಾಫಿ ಎಲ್ಲ ಸಿಗುತ್ತದೆ. ಇಂಡಿಯನ್ ಅಂಗಡಿಗಳಲ್ಲಿ ಅವಲಕ್ಕಿ, ಎಂಟಿಆರ್ ಪುಡಿಗಳು ಇರುತ್ತವೆ. ರಾತ್ರಿ 9ರ ಪಂದ್ಯದಿಂದ ವಾಪಸ್ ಬರುವಾಗ ಮಾತ್ರ ಎಲ್ಲ ಮುಚ್ಚಿರುತ್ತದೆ. ರೂಮಿನಲ್ಲಿ ಒಂದಿಷ್ಟು ಮೊಸರನ್ನ ಮಾಡಿಟ್ಟು ಹೊರಡಿ.

ಕೊನೆಗೆ, ವಾಪಸ್ ಬರುವ ರೈಲು. ಪಂದ್ಯಕ್ಕೆ ಹೊರಡುವ ಮೊದಲೇ ಆ ದಿನದ ಕೊನೆಯ ಕಾಲ್‌ಟ್ರೇನ್ ಎಷ್ಟು ಹೊತ್ತಿಗೆ ಎಂದು ನೋಡಿ ಬರೆದುಕೊಳ್ಳಿ. ಬಾರ್ಟ್‌ನವರು ಮಿಲ್ಪಿಟಸ್‌ನಿಂದ ರಾತ್ರಿ ನೇರ ಗಾಡಿ ಇಲ್ಲದಿದ್ದರೆ ಎಲ್ಲಿ ಬದಲಾಯಿಸಬೇಕೆಂದು ನೋಡಿಕೊಳ್ಳಿ. ಸಿಳ್ಳೆ ಊದಿದ ಮೇಲೆ ಗ್ರೇಟ್ ಅಮೆರಿಕಾ ನಿಲ್ದಾಣದಲ್ಲಿ ಉದ್ದ ಸಾಲು ಇರುತ್ತದೆ. ಗಾಬರಿ ಆಗಬೇಡಿ, ಸಾಲು ನಡೆಯುತ್ತಲೇ ಇರುತ್ತದೆ. ಗದ್ದಲದಲ್ಲಿ ಸಿಕ್ಕಿದ ಗಾಡಿ ಹತ್ತಬೇಡಿ, ಮುಂದೆ ಬರೆದಿರುವ ಹೆಸರು ಓದಿ. 'ಮೌಂಟನ್ ವ್ಯೂ' ಎಂದಿದ್ದರೆ ಕಾಲ್‌ಟ್ರೇನ್ ಕಡೆಗೆ, 'ಆಲಮ್ ರಾಕ್' ಎಂದಿದ್ದರೆ ಮಿಲ್ಪಿಟಸ್, ಬಾರ್ಟ್ ಕಡೆಗೆ. ಹತ್ತುವ ಮುಂಚೆ ಕಾರ್ಡ್ ತಾಗಿಸಿ.