ಊರಲ್ಲಿ ಗಾಳಿಸುದ್ದಿ ಎದ್ದಾಗ ಕಮ್ಯುನಿಟಿ ರೇಡಿಯೋದವ್ರು ಏನ್ ಮಾಡ್ಬೇಕು

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ಮೆಸೇಜು ಊರೂರು ಸುತ್ತಿದ್ದು ನೆನಪಿದ್ಯಲ್ಲ, ಬೀದರ್ ಜಿಲ್ಲೆ ಮುರ್ಕಿ ಹತ್ರ ಮಕ್ಕಳಿಗೆ ಚಾಕ್ಲೇಟ್ ಕೊಟ್ಟಿದ್ದೇ ನೆಪ ಆಗಿ ಹೈದರಾಬಾದಿಂದ ಬಂದಿದ್ದ ಒಬ್ಬನ ಜೀವಾನೇ ಹೋಯ್ತು. ಅಂಥ ದಿನ ಕಮ್ಯುನಿಟಿ ರೇಡಿಯೋದಲ್ಲಿ, ಅಂದ್ರೆ ಊರಿನವ್ರಿಗಾಗಿ ಊರಿನವ್ರೇ ನಡೆಸೋ ಸಣ್ಣ ಸ್ಟೇಷನ್ನಲ್ಲಿ, ಮೈಕ್ ಮುಂದೆ ಕೂರೋ ವಾಲಂಟಿಯರ್‌ಗಳಿಗೆ ಇದು.

ಮೊದಲ್ನೇದು, ಸುಳ್ಳು ಅಂತ ಹೇಳೋಕೂ ಆ ಸುದ್ದೀನ ಪೂರ್ತಿ ಓದ್ಬೇಡಿ. ಈ ತಪ್ಪು ನಾನೇ ಮಾಡಿದೀನಿ. ಮೆಸೇಜು ಇದ್ದ ಹಾಗೇ ಓದಿ, ಆಮೇಲೆ "ಇದೆಲ್ಲ ಸುಳ್ಳು, ಯಾರೂ ನಂಬ್ಬೇಡಿ" ಅಂದೆ, ಅಷ್ಟೊತ್ತಿಗೆ ಹಿಟ್ಟಿನ ಗಿರಣಿ ಆನ್ ಆಗಿತ್ತಂತೆ, ಅಲ್ಲಿ ಕೂತಿದ್ದ ಅಜ್ಜಿಗೆ ಮೊದಲರ್ಧ ಮಾತ್ರ ಕೇಳ್ಸಿ "ರೇಡಿಯೋದಲ್ಲೇ ಹೇಳಿದ್ರು ಕಣ್ರೋ" ಅಂತ ಬೀದಿಗೆಲ್ಲ ಸಾರ್ಕೊಂಡು ಬಂದ್ರು! ನಿಜ ಏನೋ ಅದನ್ನೇ ಮೊದಲು ಹೇಳಿ, ಅದನ್ನೇ ಅರ್ಧ ಗಂಟೆಗೊಂದ್ಸಲ ಹೇಳಿ. ಯಾವ ಜಾತಿ, ಯಾವ ಕೇರಿ ಅನ್ನೋದು ಬೇಡವೇ ಬೇಡ.

ನಮಗೆ ಸ್ವಂತವಾಗಿ ನ್ಯೂಸ್ ಓದೋಕೆ ಪರ್ಮಿಷನ್ ಇಲ್ಲ, ಆಕಾಶವಾಣಿ ಸುದ್ದಿ ಹಾಕೋದಾದ್ರೆ ಇದ್ದ ಹಾಗೇ ಹಾಕ್ಬೇಕು. ಆದ್ರೆ ಸ್ಥಳೀಯ ಆಡಳಿತದವ್ರು ಕೊಡೋ ಪ್ರಕಟಣೆ ಹಾಕ್ಬಹುದು, ಅದಕ್ಕೇ ತಹಸೀಲ್ದಾರ್ ಆಫೀಸು, ಪಿಎಸ್‌ಐ, ಪಿಡಿಒ ನಂಬರು ಸ್ಟುಡಿಯೋ ಗೋಡೆ ಮೇಲೇ ಬರೆದಿಡಿ. ಕೇಳುಗರ ಕಾಲ್ ನೇರವಾಗಿ ಪ್ರಸಾರ ಮಾಡೋ ಲೈವ್ ಫೋನ್-ಇನ್ ಆವತ್ತು ಬಂದ್. ಕಾಲ್ ತಗೊಳ್ಳಿ, ರೆಕಾರ್ಡ್ ಮಾಡಿ, ನೀವು ಮೊದಲು ಕೇಳಿ ಆಮೇಲೆ ಪ್ರಸಾರ ಮಾಡಿ.

ಇನ್ನು ಎರಡು ಕೇರಿ ಮಧ್ಯೆ ಜಗಳ ಅಂದ್ರೆ ವರದಿಗೆ ಒಬ್ರನ್ನೇ ಕಳಿಸ್ಬೇಡಿ, ಎರಡೂ ಕಡೆಯವ್ರು ಒಬ್ಬೊಬ್ರು ಜೊತೆಯಾಗಿ ಹೋಗ್ಲಿ. 1994ರಲ್ಲಿ ರುವಾಂಡಾದಲ್ಲಿ ಆರ್‌ಟಿಎಲ್‌ಎಂ ಅನ್ನೋ ಸ್ಟೇಷನ್ ಜನರ ಹೆಸರು ಹೇಳಿ ಹೇಳಿ ಕೊಲ್ಲಿಸ್ತು, ಪಕ್ಕದ ಬುರುಂಡಿಯಲ್ಲಿ 1995ರಲ್ಲಿ ಶುರುವಾದ ಸ್ಟುಡಿಯೋ ಇಜಾಂಬೋ ಅನ್ನೋ ರೇಡಿಯೋ ಸ್ಟುಡಿಯೋ ಮಾತ್ರ, ಜಗಳದಲ್ಲಿದ್ದ ಎರಡು ಜನಾಂಗದಿಂದ ಹುಟು ಒಬ್ರು ತುತ್ಸಿ ಒಬ್ರು ಅಂತ ಜೋಡಿ ಮಾಡಿ ವರದಿಗೆ ಕಳಿಸ್ತಿತ್ತು. ನಮ್ಮಲ್ಲಿ ಅಷ್ಟು ದೊಡ್ಡದೇನಿಲ್ಲ ಬಿಡಿ, ಬೋರ್‌ವೆಲ್ ನೀರು, ಜಾತ್ರೆ ಮೆರವಣಿಗೆ ಯಾವ ಬೀದಿಲಿ ಹೋಗ್ಬೇಕು, ಇಂಥವೇ, ಆದ್ರೆ ಕೆಲಸ ಮಾಡೋ ರೀತಿ ಅದೇ.

ನೀರಿನ ಜಗಳ ಅಂದ್ರೆ ಮೇಲಿನ ಕೇರಿಯವ್ರ ಮಾತು ರೆಕಾರ್ಡ್ ಮಾಡಿ ಕೆಳಗಿನ ಕೇರಿಯವ್ರಿಗೆ ಮೊದಲು ಮೊಬೈಲಲ್ಲೇ ಕೇಳಿಸಿ, ಅವ್ರು ಏನಂತಾರೋ ಅದನ್ನೂ ರೆಕಾರ್ಡ್ ಮಾಡಿ, ಎರಡೂ ಒಂದೇ ಪ್ರೋಗ್ರಾಮಲ್ಲಿ ಸರಿಸಮ ಟೈಮ್ ಕೊಟ್ಟು ಹಾಕಿ. ಎಡಿಟ್ ಮಾಡುವಾಗ ಬೈಗುಳ ತೆಗೀರಿ, ಆದ್ರೆ ಸಿಟ್ಟು ಇರ್ಲಿ, ಅದನ್ನೂ ತೆಗೆದ್ರೆ ಯಾರೂ ನಂಬಲ್ಲ. ಎಷ್ಟೋ ಸಲ ಸಮಸ್ಯೆ ವಾಲ್ವ್ ತಿರುಗಿಸೋ ಟೈಮಿಂದ ಶುರುವಾಗಿರುತ್ತೆ, ಹಂಗಾಗಿ ವಾಟರ್‌ಮ್ಯಾನ್ ಅಣ್ಣನ್ನೂ ಕರೀರಿ.

ಪ್ರಸಾರ ಆದ ಫೈಲ್‌ಗಳನ್ನ 3 ತಿಂಗಳು ಇಟ್ಕೊಳ್ಳೋದು ಹೇಗೂ ರೂಲ್ಸು. "ನೀವು ಹಿಂಗಂದ್ರಿ" ಅಂತ ಯಾರಾದ್ರೂ ಸ್ಟೇಷನ್ ಬಾಗಿಲಿಗೆ ಬಂದ್ರೆ ವಾದ ಮಾಡ್ಬೇಡಿ, ಕೂರಿಸಿ ಟೀ ಕೊಟ್ಟು ಆ ಫೈಲ್ ಪ್ಲೇ ಮಾಡಿ.