ಟೂರಿಂಗ್ ಸೈಕಲ್ಲಿಗೆ ಸ್ಟ್ಯಾಂಡ್: ಬೋಲ್ಟು ಬಿಗಿಯುವ ಮೊದಲು ವಾರಂಟಿ ಓದಿ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆಗೆ, ಇಲ್ಲವೇ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿಗೆ ಚೀಲ ಕಟ್ಟಿಕೊಂಡು ಹೊರಡುವವರಿಗೆ ಸೈಕಲ್ ನಿಲ್ಲಿಸುವುದೇ ಒಂದು ತೊಡಕು. ತೋಟದ ಮುಳ್ಳುತಂತಿಯ ಬೇಲಿಗೆ ಒರಗಿಸಿದರೆ ಚೀಲ ಹರಿಯುತ್ತದೆ, ನೆಲಕ್ಕೆ ಮಲಗಿಸಿದರೆ ಗೇರ್ ಬಾಗುತ್ತದೆ. ಹಾಗಾಗಿ ಸ್ಟ್ಯಾಂಡ್ ಬೇಕೆನ್ನಿಸುವುದು ನ್ಯಾಯವೇ. ಆದರೂ ಬಹಳಷ್ಟು ಟೂರಿಂಗ್ ಸೈಕಲ್ಲುಗಳು ಸ್ಟ್ಯಾಂಡ್ ಇಲ್ಲದೆಯೇ ಮಾರಾಟಕ್ಕೆ ಬರುತ್ತವೆ. ಅದಕ್ಕೆ ಕಾರಣ ಫ್ರೇಮಿನಲ್ಲೇ ಇದೆ.

ಹಾಲಿನ ಕ್ಯಾನು ಹೊರುವ ಹಳೆಯ ಸೈಕಲ್ಲಿನಲ್ಲಿ ಸ್ಟ್ಯಾಂಡ್ ಕೂರುವುದು ಹಿಂದಿನ ಚಕ್ರದ ಆಕ್ಸಲ್ ಮೇಲೆ, ಆದ್ದರಿಂದ ಫ್ರೇಮಿನ ಕೊಳವೆಯನ್ನು ಅದು ಹಿಸುಕುವುದಿಲ್ಲ. ಟೂರಿಂಗ್ ಸೈಕಲ್ಲಿನ ಸ್ಟ್ಯಾಂಡ್ ಹಾಗಲ್ಲ. ಪೆಡಲಿನ ಬುಡದಿಂದ ಹಿಂದಿನ ಆಕ್ಸಲ್‌ವರೆಗೆ ಹೋಗುವ ಎರಡು ಚೈನ್‌ಸ್ಟೇ ಕೊಳವೆಗಳನ್ನು ಮೇಲೊಂದು ಕೆಳಗೊಂದು ತಗಡಿನ ನಡುವೆ ಕಚ್ಚಿಸಿ, ಒಂದೇ ದಪ್ಪ ಬೋಲ್ಟಿನಿಂದ ಬಿಗಿಯುತ್ತಾರೆ. ಒಳ್ಳೆಯ ಸ್ಟೀಲ್ ಫ್ರೇಮಿನಲ್ಲೂ ಈ ಕೊಳವೆಯ ಗೋಡೆ ಒಂದು ಮಿಲಿಮೀಟರಿಗಿಂತ ತೆಳು. ಅತಿಯಾಗಿ ಬಿಗಿದರೆ ಸ್ಟೀಲ್ ತಗ್ಗು ಬೀಳುತ್ತದೆ. ಅಲ್ಯೂಮಿನಿಯಂ ಆದರೆ ತಗ್ಗಿನ ಅಂಚಿನಿಂದ ಮುಂದೆ ಬಿರುಕು ಹುಟ್ಟಬಹುದು. ಕಾರ್ಬನ್ ಫ್ರೇಮಿಗೆ ಇಂಥ ಸ್ಟ್ಯಾಂಡನ್ನು ಯಾವ ಕಾರಣಕ್ಕೂ ಹಾಕಿಸಬಾರದು.

ಆದ್ದರಿಂದ ಮೊದಲು ಸೈಕಲ್ಲನ್ನು ತಲೆಕೆಳಗು ಮಾಡಿ ನೋಡಿ. ಬಾಟಮ್ ಬ್ರಾಕೆಟ್ಟಿನ, ಅಂದರೆ ಪೆಡಲಿನ ಅಚ್ಚು ಕೂರುವ ಜಾಗದ, ಹಿಂದೆ ಎರಡು ಚೈನ್‌ಸ್ಟೇಗಳ ನಡುವೆ ತೂತಿರುವ ಒಂದು ತಗಡನ್ನು ಕಂಪನಿಯೇ ಬೆಸೆದಿದ್ದರೆ, ಅಥವಾ ಎಡ ಚೈನ್‌ಸ್ಟೇಯ ಹಿಂತುದಿಯಲ್ಲಿ 18 ಮಿಲಿಮೀಟರ್ ಅಂತರದ ಎರಡು ಬೋಲ್ಟಿನ ತೂತುಗಳಿದ್ದರೆ, ಆ ಫ್ರೇಮು ಸ್ಟ್ಯಾಂಡಿಗೆಂದೇ ತಯಾರಾದದ್ದು. ಅದಕ್ಕೆ ಹೊಂದುವ ಸ್ಟ್ಯಾಂಡನ್ನೇ ಕೊಳ್ಳಿ. ಎರಡೂ ಇಲ್ಲದಿದ್ದರೆ ಕಂಪನಿಯ ಕೈಪಿಡಿಯನ್ನು ಓದದೆ ಅಂಗಡಿಗೆ ಹೋಗಬೇಡಿ. ತೂತು ಕೊರೆಸುವುದಾಗಲಿ, ವೆಲ್ಡಿಂಗ್ ಮಾಡಿಸುವುದಾಗಲಿ ಬೇಡವೇ ಬೇಡ. ಅದರಿಂದ ಫ್ರೇಮು ದುರ್ಬಲವಾಗುತ್ತದೆ, ವಾರಂಟಿಯೂ ಹೋಗುತ್ತದೆ.

ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲ ಖರೀದಿದಾರರಿಗೆ ಮಾತ್ರ, ಅದೂ ತಯಾರಿಕೆಯ ದೋಷಕ್ಕೆ ಮಾತ್ರ ಅನ್ವಯಿಸುತ್ತದೆ. ಇಲ್ಲಿ ಎರಡು ಬಗೆಯ ಷರತ್ತುಗಳನ್ನು ಬೇರೆ ಬೇರೆಯಾಗಿ ಓದಬೇಕು. ಸ್ಟ್ಯಾಂಡಿನಿಂದಾದ ಹಾನಿಗೆ ತಾವು ಹೊಣೆಯಲ್ಲ ಎಂದಿದ್ದರೆ ಬೇರೆ ಜಾಗದ ಬೆಸುಗೆ ಬಿಟ್ಟಾಗ ನಿಮ್ಮ ಹಕ್ಕು ಉಳಿದಿರುತ್ತದೆ. ಸ್ಟ್ಯಾಂಡ್ ಹಾಕಿದರೆ ಇಡೀ ವಾರಂಟಿಯೇ ರದ್ದು ಎಂದಿದ್ದರೆ ಏನೂ ಉಳಿಯುವುದಿಲ್ಲ. ಕೈಪಿಡಿಯಲ್ಲಿ ಸ್ಪಷ್ಟವಿಲ್ಲದಿದ್ದರೆ ಮಾಡೆಲ್ ಹೆಸರು, ಖರೀದಿಸಿದ ವರ್ಷ, ಸ್ಟ್ಯಾಂಡಿನ ಹೆಸರು ಬರೆದು ಕಂಪನಿಗೆ ಇಮೇಲ್ ಕಳುಹಿಸಿ, ಉತ್ತರವನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಅಂಗಡಿಯವರು ಪ್ರಾಮಾಣಿಕವಾಗಿಯೇ "ಏನೂ ಆಗೋಲ್ಲ ಸಾರ್" ಎನ್ನಬಹುದು, ಆದರೆ ಬಾಯಿಮಾತಿನ ಆ ಭರವಸೆಗೆ ಕಂಪನಿ ಬದ್ಧವಲ್ಲ. ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಕೆತ್ತಿರುವ ಸೀರಿಯಲ್ ನಂಬರನ್ನೂ, ಸ್ಟ್ಯಾಂಡ್ ಕೂರುವ ಜಾಗವನ್ನೂ ಮೊದಲೇ ಫೋಟೊ ತೆಗೆದಿಡಿ.

ಒಪ್ಪಿಗೆ ಸಿಕ್ಕಿತೆನ್ನಿ. ಆಗ ಕೊಳವೆಯನ್ನು ಒರೆಸಿ, ಹಳೆಯ ಟ್ಯೂಬಿನ ತುಂಡನ್ನು ಕಚ್ಚುವ ಜಾಗಕ್ಕೆ ಸುತ್ತಿ, ಗೇರ್ ಮತ್ತು ಬ್ರೇಕ್ ಕೇಬಲ್ಲುಗಳು ತಗಡಿನ ನಡುವೆ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡು ಬೋಲ್ಟನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಸ್ಟ್ಯಾಂಡನ್ನು ಮಡಚಿ, ಬಿಚ್ಚಿ, ಎರಡೂ ಸ್ಥಿತಿಯಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಕ್ರ್ಯಾಂಕ್ (ಪೆಡಲಿನ ತೋಳು) ಸ್ಟ್ಯಾಂಡಿಗೆ ತಗಲುತ್ತದೆಯೇ ಎಂದು ಪರೀಕ್ಷಿಸಿ. ಆಮೇಲೆ ಸ್ಟ್ಯಾಂಡಿನ ಜೊತೆ ಬಂದ ಚೀಟಿಯಲ್ಲಿರುವ ಟಾರ್ಕ್ (ಬಿಗಿಯುವ ಬಲದ) ಅಳತೆಯಷ್ಟೇ, ಆ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಸ್ಟ್ಯಾಂಡ್ ಅಲುಗಾಡಿತೆಂದು ಉದ್ದ ಹಿಡಿಯ ಸ್ಪ್ಯಾನರಿನಲ್ಲಿ "ಇನ್ನೊಂದು ಸುತ್ತು" ಹಾಕುವಾಗಲೇ ಕೊಳವೆ ಹಾಳಾಗುವುದು. ಆ ಅಳತೆಯಲ್ಲೂ ಜಾರುತ್ತಿದ್ದರೆ ಸ್ಟ್ಯಾಂಡ್ ಆ ಫ್ರೇಮಿಗೆ ಹೊಂದುತ್ತಿಲ್ಲ ಎಂದೇ ಅರ್ಥ.

ಸ್ಟ್ಯಾಂಡಿನ ಕಾಲಿನ ಉದ್ದವನ್ನು ಚೀಲಗಳನ್ನು ಕಟ್ಟಿ, ಟೈರಿಗೆ ಗಾಳಿ ತುಂಬಿದ ಮೇಲೆಯೇ ಗುರುತು ಹಾಕಿ, ಹ್ಯಾಕ್ಸಾದಿಂದ ಐದೈದು ಮಿಲಿಮೀಟರಿನಂತೆ ಕತ್ತರಿಸುತ್ತಾ ಬನ್ನಿ. ಎರಡು ಕಾಲಿನ ಸ್ಟ್ಯಾಂಡ್ ಹೊರೆಯನ್ನು ನೆಟ್ಟಗೆ ನಿಲ್ಲಿಸುತ್ತದೆ, ಆದರೆ ತೂಕ ಅರ್ಧ ಕಿಲೋ ದಾಟುತ್ತದೆ. ಸ್ಟ್ಯಾಂಡ್ ಯಾವುದೇ ಆದರೂ, ಅದರ ಮೇಲೆ ನಿಲ್ಲಿಸಿರುವಾಗ ಸೈಕಲ್ ಮೇಲೆ ಕೂರಬಾರದು, ಏಕೆಂದರೆ ಆ ಭಾರವೆಲ್ಲ ಮೀಟುಗೋಲಿನಂತೆ ಚೈನ್‌ಸ್ಟೇಯನ್ನೇ ತಿರುಚುತ್ತದೆ.

ನಮ್ಮ ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ಎಚ್ಚರ ಬೇಕು. ಟ್ಯೂಬಿನ ತುಂಡಿನ ಅಡಿಯಲ್ಲಿ ಕೆಂಪು ಮಣ್ಣಿನ ನೀರು ನಿಂತು, ಮರಳು ಉಜ್ಜಿ, ಬಣ್ಣ ಸವೆದು ತುಕ್ಕು ಹಿಡಿಯುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಸ್ಟ್ಯಾಂಡ್ ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಕೊಳವೆಯ ಸುತ್ತ ಉಗುರನ್ನು ನಿಧಾನವಾಗಿ ಎಳೆಯಿರಿ. ಉಗುರು ತಡೆದ ಕಡೆ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೆ, ಆ ಸೈಕಲ್ಲಿನಲ್ಲಿ ಘಾಟಿ ಇಳಿಯಬೇಡಿ.

ಬಿರುಕು ಸ್ಟ್ಯಾಂಡಿನ ಜಾಗದಿಂದ ದೂರ, ಬೆಸುಗೆಯಲ್ಲೇ ಬಂದಿದ್ದೂ ಕಂಪನಿ ಸ್ಟ್ಯಾಂಡಿನ ನೆಪ ಹೇಳಿದರೆ, ಮೊದಲೇ ತೆಗೆದಿಟ್ಟ ಫೋಟೊ ಮತ್ತು ಇಮೇಲ್ ನಿಮ್ಮ ಕೈಯಲ್ಲಿರುವ ಸಾಕ್ಷ್ಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿರುವುದರಿಂದ, ಸೈಕಲ್ಲನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಹಾಸನ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಆದರೆ ವಿವಾದ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.