ಪೆಸ್ 2021ರಲ್ಲಿ ಬೈತಖೋಲ ಟೀಮ್: ನನ್ನ ಅನುಭವ

"ಮಾರಾಯಾ, ಹಳೇ ಗೇಮ್ ಆಡೋಕೆ ಯಾರು ದುಡ್ಡು ಕೊಡ್ತಾರೆ?" ಕಾರವಾರದಲ್ಲಿ ನನ್ನ ಹಾಗೇ ಗೇಮ್ ಅಂಗಡಿ ಇಟ್ಟವರೆಲ್ಲ ಹೀಗೆ ನಕ್ಕಿದ್ದರು. ಈಗ ಭಾನುವಾರ ನನ್ನ ಅಂಗಡಿಯಲ್ಲಿ ಇಎ ಕಂಪನಿಯ ಹೊಸ ಫುಟ್‌ಬಾಲ್ ಗೇಮ್ ಎಫ್‌ಸಿ (ಮೊದಲು ಫಿಫಾ ಅಂತ ಇತ್ತಲ್ಲ, ಅದೇ) ಹಾಕಿದ ಟಿವಿ ಖಾಲಿ ಇದ್ದರೂ ಕೊನಾಮಿ ಕಂಪನಿಯ ಹಳೇ ಫುಟ್‌ಬಾಲ್ ಗೇಮ್ ಪೆಸ್ 2021ರ ಟಿವಿ ಮುಂದೆ ಹುಡುಗರು ಪಾಳಿ ಕಾಯುತ್ತಾರೆ.

ಮೊದಲು ದುಡ್ಡಿನ ಮಾತು. ಪ್ರತಿ ಸೆಪ್ಟೆಂಬರ್‌ಗೆ ಹೊಸ ಡಿಸ್ಕ್, ನಾಲ್ಕು ಸಾವಿರದ ಆಚೆ ಈಚೆ. ಗಂಟೆಗೆ 40 ರೂಪಾಯಿ ತಗೊಳ್ಳುವ ಅಂಗಡಿಗೆ ಅದು ಹುಟ್ಟೋ ಹೊತ್ತಿಗೆ ದೀಪಾವಳಿ ಮುಗಿದಿರುತ್ತೆ. ಸಮುದ್ರದ ಗಾಳಿಗೆ ಕಂಟ್ರೋಲರ್ ಬೇರೆ ಹಾಳಾಗುತ್ತೆ. ಇಷ್ಟು ಸುರಿದರೂ ಹುಡುಗರ ಮಾತು ಒಂದೇ: "ಅಣ್ಣಾ, ಜೆರ್ಸಿ ಬಿಟ್ರೆ ಏನು ಬದಲಾಗಿದೆ?"

ಯಾಕೆ ಬದಲಾಗಬೇಕು? ಎದುರಿಗೆ ಸರಿಯಾದ ಎದುರಾಳಿನೇ ಇಲ್ಲ. ಪಿಎಸ್2 (ಪ್ಲೇಸ್ಟೇಷನ್ 2) ಕಾಲದಲ್ಲಿ ಪೆಸ್ ಮುಂದಿತ್ತು. ಅದನ್ನು ಹಿಡಿಯೋಕೆ ಬೆವರು ಸುರಿಸಿದ ಇಎ, ಫಿಫಾ 10ರಲ್ಲಿ ಎಂಟು ದಿಕ್ಕಿನ ಕಟ್ಟು ಬಿಟ್ಟು ಚೆಂಡನ್ನು ಯಾವ ಕಡೆಗೆ ಬೇಕಾದರೂ ಒಯ್ಯುವ ಹಾಗೆ ಮಾಡಿತು. 2021ರಲ್ಲಿ ಕೊನಾಮಿ ಪೆಸ್ ಹೆಸರು ಬಿಟ್ಟು ಇಫುಟ್‌ಬಾಲ್ ಅಂತ ಪುಕ್ಕಟೆ ಗೇಮ್ ತಂದು ನಗೆಪಾಟಲಾಯಿತು. ಅಲ್ಲಿಗೆ ಜಿದ್ದೂ ತಣ್ಣಗಾಯಿತು.

ನನಗೆ ಉಪಯೋಗಕ್ಕೆ ಬಂದದ್ದು ಸೋಲುತ್ತಿದ್ದವರ ಗೇಮು. ಪೆಸ್‌ಗೆ ಎಷ್ಟೋ ಟೀಮ್‌ಗಳ ಲೈಸೆನ್ಸ್, ಅಂದರೆ ನಿಜವಾದ ಹೆಸರು, ಜೆರ್ಸಿ ಬಳಸುವ ಹಕ್ಕು, ಇರಲಿಲ್ಲ, ಲಿವರ್‌ಪೂಲ್‌ಗೂ ಒಂದು ಕಾಲದಲ್ಲಿ 'ಮರ್ಸಿಸೈಡ್ ರೆಡ್' ಅಂತ ಹೆಸರು. ಆ ಕೊರತೆಗೆ ಮದ್ದು ಅಂದರೆ ಎಡಿಟ್ ಮೋಡ್: ಹೆಸರು, ಲಾಂಛನ, ಜೆರ್ಸಿ ಎಲ್ಲ ನಾವೇ ಹಾಕಿಕೊಳ್ಳಬಹುದು. ಲೈಸೆನ್ಸ್ ತುಂಬಿ ತುಳುಕುತ್ತಿದ್ದ ಫಿಫಾಗೆ ಆ ಗರಜು ಇರಲಿಲ್ಲ. ಫಿಫಾ 20ರಲ್ಲಿ ಯುವೆಂಟಸ್ ಕೈತಪ್ಪಿ 'ಪಿಯಮೊಂಟೆ ಕಾಲ್ಚೊ' ಆದಾಗಲೂ ಜೆರ್ಸಿ ಚಿತ್ರ ಹಾಕೋಕೆ ಬಿಡಲಿಲ್ಲ.

ಹಳೇ ಡಿಸ್ಕ್ ಸಾವಿರದ ಸುಮಾರಿಗೆ ಸಿಕ್ಕಿತು. ಪೆನ್‌ಡ್ರೈವ್‌ನಲ್ಲಿ 'ಡಬ್ಲ್ಯುಇಪಿಇಎಸ್' (WEPES) ಅಂತ ಫೋಲ್ಡರ್ ಮಾಡಿ, ಅದರಲ್ಲಿ ಜೆರ್ಸಿ, ಲಾಂಛನದ ಚಿತ್ರ ಹಾಕಿ, ಪಿಎಸ್4ಗೆ ಚುಚ್ಚಿದರೆ ಎಡಿಟ್ ಮೋಡ್‌ನಲ್ಲಿ ಗೇಮಿನೊಳಗೆ ಎಳೆದುಕೊಳ್ಳಬಹುದು. ಬೈತಖೋಲ, ನಂದನಗದ್ದಾ, ಮಾಜಾಳಿ, ಸದಾಶಿವಗಡ ಅಂತ ನಮ್ಮ ಕಾರವಾರದ ಕಡೆಯ ಊರುಗಳ ಹೆಸರಲ್ಲೇ ಟೀಮ್ ಕಟ್ಟಿದೆ. ಬೈತಖೋಲದ ನೀಲಿ ಪಟ್ಟೆ ಮೊದಲು ಭುಜದ ಹತ್ತಿರ ಮುರಿದು ಕಂಕುಳಿಗೆ ಹೋಗಿ ನಿಲ್ಲುತ್ತಿತ್ತು. ಬೆನ್ನಿನ ನಂಬರ್ ಬಣ್ಣದಲ್ಲಿ ಮುಳುಗಿ ಹೋಗುತ್ತಿತ್ತು. ಮುಖಕ್ಕೆ ಫೋಟೋ ಹಾಕೋಕೆ ಬರಲ್ಲ, ಮೂಗು ಗಲ್ಲ ಎಲ್ಲ ಒಂದೊಂದೇ ಎಳೆದು ಕೂಡಿಸಬೇಕು. ಮಳೆಗಾಲದಲ್ಲಿ ಸೇವ್ ಆಗುವಾಗಲೇ ಕರೆಂಟ್ ಹೋಗಿ ಫೈಲ್ ಕೆಟ್ಟಿತು, ಹತ್ತಿರ ಹತ್ತಿರ ಒಂದು ತಿಂಗಳ ಕೆಲಸ ನೀರುಪಾಲು. ಆಮೇಲೆ ಐದಾರು ಸಾವಿರ ಕೊಟ್ಟು ಯುಪಿಎಸ್ ತಂದೆ.

ನಿಜವಾದ ತಲೆನೋವು ಆಟಗಾರರ ಅಂಕ. "ನನ್ನ ಸ್ಪೀಡ್ 72 ಯಾಕೆ, ಅವನದು 80 ಯಾಕೆ?" ಅಂತ ಮಾಲಾದೇವಿ ಮೈದಾನದಲ್ಲಿ ಆಡೋ ಹುಡುಗರು ಜಗಳಕ್ಕೇ ಬಂದರು. ಜಗಳ ನಿಲ್ಲೋ ಹಾಗೆ ಅಂಕ ಹಾಕುವ ಒಂದು ಲೆಕ್ಕ ಹುಡುಕಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ನೋಡಿ.

ರೇಟಿನ ಐಡಿಯಾ ಅಮೆರಿಕದಿಂದ ಕದ್ದದ್ದು. 2004ರಲ್ಲಿ ಸೆಗಾ ಕಂಪನಿ ತನ್ನ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) 2ಕೆ5 ಗೇಮನ್ನು 20 ಡಾಲರ್‌ಗೆ ಮಾರಿತು, ಇಎ ಅದೇ ಆಟದ ತನ್ನ ಮ್ಯಾಡನ್ ಗೇಮಿನ ರೇಟನ್ನು 30ರ ಹತ್ತಿರಕ್ಕೆ ಇಳಿಸಬೇಕಾಯಿತು. ಅದೇ ಡಿಸೆಂಬರ್‌ನಲ್ಲಿ ಇಎ ಎನ್‌ಎಫ್‌ಎಲ್ ಹಕ್ಕನ್ನೇ ತನಗೊಬ್ಬನಿಗೆ ಬರೆಸಿಕೊಂಡಿತು. ನಾನೂ ಬೆಳಗಿನ ಹೊತ್ತು 25ಕ್ಕೆ ಇಳಿಸಿದೆ. ಆಚೆ ಅಂಗಡಿಯವರೂ ಇಳಿಸಿದರು, ಇಳಿಸಲಿ. ಬೈತಖೋಲದ ಹುಡುಗರ ಲೈಸೆನ್ಸ್ ಯಾರೂ ಬರೆಸಿಕೊಳ್ಳೋಕೆ ಆಗಲ್ಲ ಅಲ್ವಾ!

ನಡುವೆ ಸುಮ್ನೆ ಹಳೇ ಕಂಪ್ಯೂಟರಿನಲ್ಲಿ ಇಎಯ ಕ್ರಿಕೆಟ್ 07 ಗೇಮ್ ಹಾಕಿ, ಕೆಂಪು ಚೆಂಡಿಗೆ ಟೆನಿಸ್ ಬಾಲಿನ ಬಣ್ಣ ಬಳಿದೆ. ಆ ಗೇಮಾದ ಮೇಲೆ ಇಎ ಆ ಸರಣಿಯನ್ನೇ ಮುಂದುವರಿಸಲಿಲ್ಲ. ಹುಡುಗರಿಗೆ ಮೊಬೈಲಿನಲ್ಲೇ ಪುಕ್ಕಟೆ ಕ್ರಿಕೆಟ್ ಸಿಗುವಾಗ ಯಾರು ಬರ್ತಾರೆ? ಬಿಟ್ಟೆ.

ಟೂರ್ನಮೆಂಟಿಗೆ ಜೋಡಿಗೆ 100 ರೂಪಾಯಿ. ಬಹುಮಾನ ಕಳೆದು ಸಲಕ್ಕೆ ಸಾವಿರ, ಒಂದೂವರೆ ಸಾವಿರ ಉಳಿಯುತ್ತೆ. ಕೋಡಿಬಾಗದ ಕಡೆ ಯಾರೋ ಪೆಸ್ ಡಿಸ್ಕ್ ಹುಡುಕುತ್ತಿದ್ದಾರಂತೆ. ಅದಕ್ಕೇ ನಾನು ಎಲ್ಲ ಟೀಮಿಗೂ ಎರಡನೇ ಜೆರ್ಸಿ ಬಿಡಿಸೋಕೆ ಕೂತಿದ್ದೇನೆ.